ಲೈಟ್‌ರೂಮ್‌ನಲ್ಲಿ ಫೋಟೋ ಕಾಣ್ತಿಲ್ಲವೇ? ಮೊದಲು ಹಳೆ ಜಾಗದ ಸಾಲು ಓದಿ

ಮದುವೆ ಸೀಸನ್ ಮುಗಿದು ಆಲ್ಬಂ ಕೆಲಸಕ್ಕೆ ಕೂತಾಗಲೇ ಈ ತೊಂದರೆ ಜಾಸ್ತಿ. ಫೋಟೋಗಳನ್ನು ಜೋಡಿಸಿ ಎಡಿಟ್ ಮಾಡುವ ಅಡೋಬಿಯ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್ ತೆರೆದರೆ ಎಡಗಡೆ ಫೋಲ್ಡರ್ ಮೇಲೆ ಪ್ರಶ್ನೆ ಚಿಹ್ನೆ. ಥಂಬ್‌ನೇಲ್ ಮೂಲೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಎಡಿಟ್ ಮಾಡುವ ಪರದೆಯಾದ ಡೆವಲಪ್‌ಗೆ ಹೋದರೆ ಸ್ಲೈಡರ್‌ಗಳೆಲ್ಲ ಮಂಕಾಗಿ ಕೂತಿರುತ್ತವೆ, ಯಾವುದೂ ಅಲುಗುವುದಿಲ್ಲ. "ಅಣ್ಣಾ, ಧಾರೆ ಫೋಟೋನೇ ಇಲ್ಲ!" ಅಂತ ಹುಡುಗ ಕೂಗಿದ ಮೇಲೆ ಸ್ಟುಡಿಯೋದಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಹಾಸನದ ಸುತ್ತಮುತ್ತಲಿನ ಸ್ಟುಡಿಯೋಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ನಾನು ಕಂಡ ಮಟ್ಟಿಗೆ ಇಂಥ ಹೊತ್ತಿನಲ್ಲಿ ಫೋಟೋ ನಿಜವಾಗಿ ಹೋಗಿರುವುದು ಅಪರೂಪ. ಹಾನಿ ಆಗುವುದು ಆಮೇಲೆ, ಗಾಬರಿಯಲ್ಲಿ ಏನೇನೋ ಒತ್ತಿದಾಗ. ಅದಕ್ಕೇ ಏನು ಮಾಡಬೇಕು ಅನ್ನುವುದಕ್ಕಿಂತ ಮುಂಚೆ ಏನು ಮಾಡಬಾರದು ಅಂತ ಹೇಳುತ್ತೇನೆ.

ಮೊದಲನೆಯದಾಗಿ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಸಿಂಕ್ರೊನೈಸ್ ಫೋಲ್ಡರ್ ಒತ್ತಬೇಡಿ. ಅದರಲ್ಲಿ "ರಿಮೂವ್ ಮಿಸ್ಸಿಂಗ್ ಫೋಟೋಸ್ ಫ್ರಮ್ ಕ್ಯಾಟಲಾಗ್" ಅಂತ ಒಂದು ಟಿಕ್ ಇದೆ. ಹೆಸರು ಕೇಳಿದರೆ ಇದೇ ಔಷಧಿ ಅನ್ನಿಸುತ್ತದೆ. ಆದರೆ ಅದು ಕಾಣದ ಫೋಟೋಗಳನ್ನು ಹುಡುಕುವುದಿಲ್ಲ, ಅವುಗಳ ದಾಖಲೆಯನ್ನೇ ಅಳಿಸುತ್ತದೆ. ನೀವು ರಾತ್ರಿಯೆಲ್ಲ ಕೂತು ಮಾಡಿದ ಕಲರ್, ಕ್ರಾಪ್, ಸ್ಟಾರ್ ಎಲ್ಲ ಅದರ ಜೊತೆಗೇ ಹೋಗುತ್ತದೆ. ಎರಡನೆಯದು, ಅದೇ ಫೋಟೋಗಳನ್ನು ಹೊಸದಾಗಿ ಇಂಪೋರ್ಟ್ ಮಾಡಬೇಡಿ. ಯಾಕೆ ಅಂತ ಮುಂದೆ ಬರುತ್ತದೆ. ಮೂರನೆಯದು, ವಿಂಡೋಸ್ "ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು" ಅಂದರೆ ಕ್ಯಾನ್ಸಲ್ ಒತ್ತಿ ಕೈ ಕಟ್ಟಿ ಕೂರಿ.

ಕ್ಯಾಟಲಾಗ್‌ನಲ್ಲಿ ಫೋಟೋ ಇರುವುದಿಲ್ಲ

ಈ ಒಂದು ವಿಷಯ ತಲೆಗೆ ಹೋದರೆ ಅರ್ಧ ಕೆಲಸ ಆಯ್ತು. ಎಲ್‌ಆರ್‌ಕ್ಯಾಟ್ ಅಂತ ಕೊನೆಯಾಗುವ ಫೈಲೇ ಕ್ಯಾಟಲಾಗ್. ಅದು ಎಸ್‌ಕ್ಯೂಲೈಟ್ ಮಾದರಿಯ ಒಂದು ಡೇಟಾಬೇಸ್. ಯಾವ ಫೋಟೋ ಯಾವ ಡ್ರೈವ್‌ನಲ್ಲಿ, ಯಾವ ಫೋಲ್ಡರ್‌ನಲ್ಲಿ, ಯಾವ ಹೆಸರಲ್ಲಿ ಇದೆ, ಅದಕ್ಕೆ ನೀವು ಏನೇನು ಎಡಿಟ್ ಮಾಡಿದ್ದೀರಿ ಅನ್ನುವುದಷ್ಟೇ ಅದರಲ್ಲಿರುತ್ತದೆ. ಕಾಫಿ ಕ್ಯೂರಿಂಗ್ ಗೋದಾಮಿನ ಲೆಡ್ಜರ್ ಇದ್ದ ಹಾಗೆ: ಮೂಟೆಯನ್ನು ಯಾರೋ ಪಕ್ಕದ ಸಾಲಿಗೆ ಎತ್ತಿಟ್ಟರೆ ಲೆಡ್ಜರ್‌ಗೆ ಗೊತ್ತಾಗುವುದಿಲ್ಲ. ಲೈಟ್‌ರೂಮ್‌ನಲ್ಲಿ ನಿಮಗೆ ಕಾಣುವ ಚಿತ್ರ ಪ್ರಿವ್ಯೂ, ಅಂದರೆ ತೋರಿಸಲು ಇಟ್ಟುಕೊಂಡ ನಕಲು ಮಾತ್ರ. ಫೋಟೋ ಇರುವ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಟ್ಟರೂ ಪ್ರಿವ್ಯೂ ಕಾಣುತ್ತಲೇ ಇರುತ್ತದೆ. ಅದನ್ನು ನೋಡಿ ಫೋಟೋ ಕಂಪ್ಯೂಟರ್ ಒಳಗೇ ಇದೆ ಅಂತ ನಂಬಿ ಡಿಸ್ಕ್ ಖಾಲಿ ಮಾಡಿದವರೂ ಇದ್ದಾರೆ.

ಲೈಟ್‌ರೂಮ್ ಮುಚ್ಚುವಾಗ ಬ್ಯಾಕಪ್ ಕೇಳುತ್ತದಲ್ಲ, ಅದೂ ಈ ಕ್ಯಾಟಲಾಗ್‌ನ ಬ್ಯಾಕಪ್ಪೇ. ಅದರಲ್ಲಿ ಒಂದು ಫೋಟೋ ಕೂಡ ಇರುವುದಿಲ್ಲ.

ಕಾಣೆಯಾಗಿದೆಯೋ, ಮರೆಯಾಗಿದೆಯೋ?

ಆಶ್ಚರ್ಯಸೂಚಕ ಚಿಹ್ನೆ ಇಲ್ಲದೆ ಫೋಟೋ ಎಣಿಕೆ ಮಾತ್ರ ಕಡಿಮೆ ಇದೆಯೇ? ಹಾಗಿದ್ದರೆ ಫೋಟೋ ಎಲ್ಲೂ ಹೋಗಿಲ್ಲ, ಲೈಟ್‌ರೂಮ್ ತೋರಿಸುತ್ತಿಲ್ಲ ಅಷ್ಟೇ. ಮೊದಲು ಫಿಲ್ಟರ್ ನೋಡಿ. ಫೋಟೋಗಳೆಲ್ಲ ಸಾಲಾಗಿ ಕಾಣುವ ಲೈಬ್ರರಿ ಪರದೆಯಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಫಿಲ್ಟರ್ ಆನ್ ಆಫ್ ಆಗುತ್ತದೆ. ಹಿಂದಿನ ದಿನ ಐದು ಸ್ಟಾರ್ ಫೋಟೋ ಮಾತ್ರ ನೋಡಿ ಹಾಗೇ ಬಿಟ್ಟಿರಬಹುದು. ಲೈಬ್ರರಿ ಮೆನುವಿನಲ್ಲಿ "ಶೋ ಫೋಟೋಸ್ ಇನ್ ಸಬ್‌ಫೋಲ್ಡರ್ಸ್" ಟಿಕ್ ಹೋಗಿದ್ದರೂ ಮೇಲಿನ ಫೋಲ್ಡರ್ ಖಾಲಿ ಕಾಣುತ್ತದೆ. ಸ್ಟ್ಯಾಕ್ ಮಾಡಿದ್ದರೆ ಹತ್ತು ಫೋಟೋ ಒಂದರ ಹಿಂದೆ ಅಡಗಿರುತ್ತವೆ. ರಾ (ಕ್ಯಾಮೆರಾ ಕೊಡುವ ಸಂಸ್ಕರಿಸದ ಫೈಲ್) ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುವವರಿಗೆ ಇನ್ನೊಂದು ಗೊಂದಲ: ಪ್ರಿಫರೆನ್ಸಸ್‌ನಲ್ಲಿ ಎರಡನ್ನೂ ಬೇರೆ ಬೇರೆ ಎಂದು ಪರಿಗಣಿಸುವ ಟಿಕ್ ಹಾಕದಿದ್ದರೆ ಜೆಪೆಗ್‌ಗಳು ಪ್ರತ್ಯೇಕವಾಗಿ ಕಾಣುವುದೇ ಇಲ್ಲ.

ಇನ್ನೊಂದು, ಫೋಟೋ ಜೊತೆಗೆ ಫೋಲ್ಡರ್‌ಗಳೂ, ನೀವು ಲೈಟ್‌ರೂಮ್ ಒಳಗೆ ಮಾಡಿಕೊಂಡ ಗುಂಪುಗಳಾದ ಕಲೆಕ್ಷನ್‌ಗಳೂ ಎಲ್ಲವೂ ಮಾಯ ಆಗಿದ್ದರೆ ನೀವು ಬೇರೆ ಕ್ಯಾಟಲಾಗ್ ತೆರೆದು ಕೂತಿದ್ದೀರಿ. ಎಡಿಟ್ ಮೆನುವಿನ ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಈಗ ತೆರೆದಿರುವುದು ಯಾವುದು, ಎಲ್ಲಿದೆ ಅಂತ ಬರೆದಿರುತ್ತದೆ. ಫೈಲ್ ಮೆನುವಿನ ಓಪನ್ ರೀಸೆಂಟ್‌ನಲ್ಲಿ ನಿಮ್ಮ ಹಳೆಯದು ಸಿಗುತ್ತದೆ.

ಬರೀ ಬೂದು ಚೌಕ ಕಾಣುತ್ತಿದ್ದು, ಡೆವಲಪ್‌ಗೆ ಹೋದರೆ ಫೋಟೋ ಸರಿಯಾಗಿ ತೆರೆದರೆ, ಕೆಟ್ಟಿರುವುದು ಪ್ರಿವ್ಯೂ. ಲೈಟ್‌ರೂಮ್ ಮುಚ್ಚಿ ಪ್ರಿವ್ಯೂಸ್ ಎಂಬ ಹೆಸರಿನ ಎಲ್‌ಆರ್‌ಡೇಟಾ ಫೋಲ್ಡರ್‌ನ ಹೆಸರು ಬದಲಿಸಿ, ಮತ್ತೆ ತೆರೆದರೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಮೂಲ ಫೋಟೋ ನಿಜವಾಗಿ ಹೋಗಿದ್ದರೆ ಆ ಪ್ರಿವ್ಯೂ ಒಂದೇ ನಿಮ್ಮ ಪಾಲಿಗೆ ಉಳಿಯುವುದು.

ಈಗ ಆ ಸಾಲು

ಚಿಹ್ನೆ ಇದ್ದರೆ ಒಂದು ಫೋಟೋದ ಆಶ್ಚರ್ಯಸೂಚಕದ ಮೇಲೆ ಕ್ಲಿಕ್ ಮಾಡಿ. ಮೂಲ ಫೈಲ್ ಸಿಗಲಿಲ್ಲ, ಹುಡುಕಿ ತೋರಿಸುತ್ತೀರಾ ಅಂತ ಕೇಳುವ ಒಂದು ಪೆಟ್ಟಿಗೆ ಬರುತ್ತದೆ. ಎಲ್ಲರೂ ಅಲ್ಲಿ ಸೀದಾ ಲೊಕೇಟ್ ಒತ್ತುತ್ತಾರೆ. ತಡೆಯಿರಿ. ಅದರ ಕೆಳಗೆ "ಪ್ರೀವಿಯಸ್ ಲೊಕೇಶನ್" ಅಂತ ಪೂರ್ತಿ ದಾರಿ ಬರೆದಿರುತ್ತದೆ, ಡ್ರೈವ್ ಅಕ್ಷರದಿಂದ ಹಿಡಿದು ಫೈಲ್ ಹೆಸರಿನ ತನಕ. ಅದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಲೈಟ್‌ರೂಮ್ ಬಿಟ್ಟು ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದೇ ಫೈಲ್ ಹೆಸರು ಹುಡುಕಿ. ಸಿಕ್ಕಿತೇ? ಹಳೆ ದಾರಿ ಮತ್ತು ಹೊಸ ದಾರಿ ಎರಡನ್ನೂ ಅಕ್ಕಪಕ್ಕ ಇಟ್ಟು ಎಡದಿಂದ ಬಲಕ್ಕೆ ಓದಿ. ಎಲ್ಲಿ ಮೊದಲ ವ್ಯತ್ಯಾಸ ಬರುತ್ತದೋ ಅಲ್ಲಿದೆ ರೋಗ. ಮುಂದೆ ಹೇಳುವುದೆಲ್ಲ ಆ ವ್ಯತ್ಯಾಸ ಎಲ್ಲಿ ಬಂತು ಅನ್ನುವುದರ ಮೇಲೇ ನಿಂತಿದೆ.

ಎಷ್ಟು ಫೋಟೋ ಹೋಗಿವೆ ಅಂತ ಒಟ್ಟಾಗಿ ನೋಡಬೇಕಾದರೆ ಲೈಬ್ರರಿ ಮೆನುವಿನಲ್ಲಿ ಫೈಂಡ್ ಆಲ್ ಮಿಸ್ಸಿಂಗ್ ಫೋಟೋಸ್ ಇದೆ. ಅದು ಎಲ್ಲವನ್ನೂ ಒಂದು ತಾತ್ಕಾಲಿಕ ಪಟ್ಟಿಯಲ್ಲಿ ಹಾಕಿ ತೋರಿಸುತ್ತದೆ, ಏನನ್ನೂ ಅಳಿಸುವುದಿಲ್ಲ.

ವ್ಯತ್ಯಾಸ ಮೊದಲ ಅಕ್ಷರದಲ್ಲೇ ಇದ್ದರೆ

ಹಳೆಯದರಲ್ಲಿ ಇ ಡ್ರೈವ್, ಈಗ ಎಫ್ ಡ್ರೈವ್. ನಾನು ನೋಡುವ ಕೇಸುಗಳಲ್ಲಿ ಇದೇ ಜಾಸ್ತಿ. ಹೊರಗಿನ ಹಾರ್ಡ್‌ಡಿಸ್ಕ್ ಹಾಕಿದಾಗ ವಿಂಡೋಸ್ ಅದಕ್ಕೊಂದು ಅಕ್ಷರ ಕೊಡುತ್ತದೆ. ನಿಮ್ಮದಕ್ಕಿಂತ ಮೊದಲೇ ಇನ್ನೊಂದು ಡಿಸ್ಕ್ ಬಂದು ಆ ಅಕ್ಷರ ಹಿಡಿದುಕೊಂಡಿದ್ದರೆ ನಿಮ್ಮದಕ್ಕೆ ಮುಂದಿನದು ಸಿಗುತ್ತದೆ. ಲೈಟ್‌ರೂಮ್ ಮಾತ್ರ ಹಳೆ ಅಕ್ಷರದಲ್ಲೇ ಹುಡುಕುತ್ತಿರುತ್ತದೆ.

ಸಕಲೇಶಪುರದ ಕಡೆ ಒಂದು ಸ್ಟುಡಿಯೋದಲ್ಲಿ ಎಸ್ಟೇಟ್ ಮದುವೆಯ ಫೋಟೋಗಳು ಬೆಳಗ್ಗೆ ಕಾಣುತ್ತಿದ್ದವು, ಮಧ್ಯಾಹ್ನ ಕಾಣುತ್ತಿರಲಿಲ್ಲ. ದೆವ್ವದ ಕಾಟ ಅನ್ನೋ ಮಟ್ಟಕ್ಕೆ ಮಾತು ಹೋಗಿತ್ತು. ಬೆಳಗ್ಗೆ ಮೊದಲು ಫೋಟೋ ಡಿಸ್ಕ್ ಹಾಕುತ್ತಿದ್ದರು, ಅದಕ್ಕೆ ಇ ಸಿಗುತ್ತಿತ್ತು. ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಸಿಸ್ಟಮ್ ಆನ್ ಮಾಡುವ ಹೊತ್ತಿಗೆ ಕಾರ್ಡ್ ರೀಡರ್ ಚುಚ್ಚಿಕೊಂಡೇ ಇರುತ್ತಿತ್ತು. ಇ ಅದರ ಪಾಲಾಗುತ್ತಿತ್ತು. ಮಳೆಗಾಲದಲ್ಲಿ ಆ ಕಡೆ ಕರೆಂಟ್ ಕತೆ ಗೊತ್ತಲ್ವಾ, ಹಾಗಾಗಿ ದಿನಾ ಇದೇ ಪಾಡು.

ಮದ್ದು ಸುಲಭ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಫೋಟೋ ಡಿಸ್ಕ್ ಮೇಲೆ ರೈಟ್ ಕ್ಲಿಕ್, ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್, ಆಮೇಲೆ ಚೇಂಜ್. ಹಳೆ ಅಕ್ಷರವನ್ನೇ ಕೊಟ್ಟರೆ ಲೈಟ್‌ರೂಮ್ ಮತ್ತೆ ತೆರೆದ ಕೂಡಲೇ ಪ್ರಶ್ನೆ ಚಿಹ್ನೆಗಳು ಮಾಯ. ಆದರೆ ನನ್ನ ಸಲಹೆ ಬೇರೆ. ಇ, ಎಫ್ ಅಂತ ಮುಂದಿನ ಸಾಲಿನ ಅಕ್ಷರ ಇಟ್ಟುಕೊಂಡರೆ ನಾಳೆ ಇನ್ನೊಂದು ಪೆನ್‌ಡ್ರೈವ್ ಬಂದು ಕಿತ್ತುಕೊಳ್ಳುತ್ತದೆ. ಪಿ ಅಂತಲೋ ಎಕ್ಸ್ ಅಂತಲೋ ದೂರದ ಅಕ್ಷರ ಕೊಡಿ. ಆಮೇಲೆ ಒಂದು ಸಲ ಫೋಲ್ಡರ್ ತೋರಿಸಬೇಕಾಗುತ್ತದೆ, ಅಷ್ಟೇ. ಸಿ ಡ್ರೈವ್‌ನ ಅಕ್ಷರಕ್ಕೆ ಮಾತ್ರ ಕೈ ಹಾಕಬೇಡಿ.

ಮ್ಯಾಕ್‌ನಲ್ಲಿ ಅಕ್ಷರ ಇಲ್ಲ, ಡಿಸ್ಕ್‌ನ ಹೆಸರೇ ದಾರಿ. ಹೆಸರು ಬದಲಿಸಿದರೆ ಅದೇ ರೋಗ.

ಡಿಸ್ಕ್ ಹಾಕೇ ಇಲ್ಲದಿದ್ದರೆ? ನಗಬೇಡಿ, ಹೀಗೂ ಆಗುತ್ತದೆ. ಫೋಲ್ಡರ್ಸ್ ಪ್ಯಾನಲ್‌ನಲ್ಲಿ ಡಿಸ್ಕ್ ಹೆಸರಿನ ಪಕ್ಕ ಒಂದು ಪುಟ್ಟ ದೀಪ ಇರುತ್ತದೆ. ಹಸಿರಿದ್ದರೆ ಡಿಸ್ಕ್ ಇದೆ, ಜಾಗವೂ ಇದೆ. ಬೂದು ಬಣ್ಣ ಇದ್ದರೆ ಡಿಸ್ಕೇ ಸಿಕ್ಕಿಲ್ಲ. ಕೇಬಲ್ ಬದಲಿಸಿ, ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ ನೋಡಿ.

ವ್ಯತ್ಯಾಸ ನಡುವಿನಲ್ಲಿದ್ದರೆ

ಅಂದರೆ ಡ್ರೈವ್ ಸರಿ ಇದೆ, ಫೋಲ್ಡರ್ ಹೆಸರೋ ಜಾಗವೋ ಬದಲಾಗಿದೆ. ಎಕ್ಸ್‌ಪ್ಲೋರರ್‌ನಲ್ಲಿ ಯಾರೋ "ಹೊಸ ಫೋಲ್ಡರ್" ಅನ್ನುವುದನ್ನು "ಬೇಲೂರು ರಥೋತ್ಸವ" ಅಂತ ಮಾಡಿದ್ದಾರೆ. ಒಳ್ಳೆ ಉದ್ದೇಶವೇ, ಆದರೆ ಲೈಟ್‌ರೂಮ್‌ಗೆ ಹೇಳದೆ ಮಾಡಿದ್ದು.

ಇಲ್ಲಿ ಒಂದೊಂದೇ ಫೋಟೋ ಲೊಕೇಟ್ ಮಾಡುತ್ತಾ ಕೂರಬೇಡಿ. ಪ್ರಶ್ನೆ ಚಿಹ್ನೆ ಇರುವ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಫೈಂಡ್ ಮಿಸ್ಸಿಂಗ್ ಫೋಲ್ಡರ್ ಕೊಡಿ, ಹೊಸ ಜಾಗ ತೋರಿಸಿ. ಒಳಗಿನ ಎಲ್ಲವೂ ಒಟ್ಟಿಗೆ ಸರಿಯಾಗುತ್ತದೆ. ಹತ್ತಾರು ಫೋಲ್ಡರ್‌ಗೆ ಪ್ರಶ್ನೆ ಚಿಹ್ನೆ ಬಂದಿದ್ದರೆ ಅವುಗಳ ಮೇಲಿನ ಫೋಲ್ಡರ್ ಹಿಡಿಯಿರಿ. ಅದು ಪ್ಯಾನಲ್‌ನಲ್ಲಿ ಕಾಣುತ್ತಿಲ್ಲವಾದರೆ ರೈಟ್ ಕ್ಲಿಕ್‌ನಲ್ಲಿ ಶೋ ಪೇರೆಂಟ್ ಫೋಲ್ಡರ್ ಇದೆ. ಮೇಲಿನದನ್ನು ಒಮ್ಮೆ ಸರಿಯಾಗಿ ತೋರಿಸಿದರೆ ಕೆಳಗಿನ ಧಾರೆ, ಆರತಕ್ಷತೆ, ಬೀಗರೂಟ ಎಲ್ಲ ತಾವಾಗಿಯೇ ಸಾಲಿಗೆ ಬರುತ್ತವೆ.

ವಿಂಡೋಸ್‌ನ ಒನ್‌ಡ್ರೈವ್ ಕೂಡ ಇದೇ ಜಾತಿಯ ತೊಂದರೆ ಕೊಡುತ್ತದೆ. ಅದರ ಬ್ಯಾಕಪ್ ಆನ್ ಆದರೆ ಪಿಕ್ಚರ್ಸ್ ಫೋಲ್ಡರ್ ಒನ್‌ಡ್ರೈವ್ ಫೋಲ್ಡರ್ ಒಳಗೆ ಹೋಗಿ ಕೂರುತ್ತದೆ. ದಾರಿಯ ನಡುವೆ ಒನ್‌ಡ್ರೈವ್ ಅನ್ನೋ ಪದ ಹೊಸದಾಗಿ ಸೇರಿದ್ದರೆ ಇದೇ ಕಾರಣ. ಫೋಟೋಗಳನ್ನೂ ಕ್ಯಾಟಲಾಗನ್ನೂ ಅಲ್ಲಿಂದ ಹೊರಗೆ ಸ್ವಂತ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುವುದೇ ನೆಮ್ಮದಿ.

ಫೋಲ್ಡರ್‌ಗೆ ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಮಾತು. ಎರಡು ದಾರಿ ಕಣ್ಣಿಗೆ ಅಕ್ಷರಶಃ ಒಂದೇ ಕಾಣುತ್ತವೆ, ಆದರೂ ಲೈಟ್‌ರೂಮ್ ಒಪ್ಪುವುದಿಲ್ಲ. ಯುನಿಕೋಡ್‌ನಲ್ಲಿ "ಬೇ" ಅನ್ನುವುದರ ದೀರ್ಘ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿ ಬಿಡಿಸಿಯೂ ಬರೆಯಬಹುದು. ಹಳೆ ಮ್ಯಾಕ್ ಡಿಸ್ಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಬಿಡಿಸಿ ಇಡುತ್ತದೆ. ವಿಂಡೋಸ್‌ನಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಕೂಡಿಸಿಯೇ ಬರುತ್ತದೆ. ಹಾಗಾಗಿ ಮ್ಯಾಕ್‌ನಿಂದ ಬಂದ "ಬೇಲೂರು" ಮತ್ತು ನಿಮ್ಮ "ಬೇಲೂರು" ವಿಂಡೋಸ್ ಡಿಸ್ಕ್‌ನಲ್ಲಿ ಎರಡು ಬೇರೆ ಬೇರೆ ಫೋಲ್ಡರ್ ಆಗಿ ಅಕ್ಕಪಕ್ಕ ಕೂರಬಹುದು. ಹಾಗೆ ಜೋಡಿ ಕಂಡರೆ ಆಶ್ಚರ್ಯಪಡಬೇಡಿ, ಫೋಟೋ ಇರುವುದನ್ನು ತೋರಿಸಿ. ಎರಡು ಸಿಸ್ಟಮ್ ನಡುವೆ ಓಡಾಡುವ ಡಿಸ್ಕ್‌ನಲ್ಲಿ ಮಾತ್ರ ನಾನು ಫೋಲ್ಡರ್ ಹೆಸರನ್ನು ದಿನಾಂಕದಿಂದಲೇ ಇಡಿ ಅನ್ನುತ್ತೇನೆ. ಕನ್ನಡ ಹೆಸರನ್ನು ಕಲೆಕ್ಷನ್‌ಗೆ ಇಡಬಹುದು, ಅದು ಕ್ಯಾಟಲಾಗ್ ಒಳಗೇ ಇರುವುದರಿಂದ ಅಡ್ಡಿಯಿಲ್ಲ.

ದೊಡ್ಡ ಡಿಸ್ಕ್ ತಂದು ಎಲ್ಲವನ್ನೂ ಅದಕ್ಕೆ ಸಾಗಿಸುವಾಗಲೂ ದಾರಿ ತಪ್ಪುವುದು ಜಾಸ್ತಿ. ಲೈಟ್‌ರೂಮ್ ಒಳಗೇ ಫೋಲ್ಡರ್ ಎಳೆದು ಸಾಗಿಸಬಹುದು, ದಾರಿ ತಾನೇ ತಿದ್ದಿಕೊಳ್ಳುತ್ತದೆ. ಆದರೆ ಸಾವಿರಾರು ರಾ ಫೈಲ್ ಇದ್ದು ಮಧ್ಯದಲ್ಲಿ ಕರೆಂಟ್ ಕೈಕೊಟ್ಟರೆ ಅರ್ಧ ಇಲ್ಲಿ ಅರ್ಧ ಅಲ್ಲಿ. ನಾನು ಮಾಡುವುದು ಹೀಗೆ: ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಮಾಡುತ್ತೇನೆ, ಕಟ್ ಅಲ್ಲ. ಎರಡೂ ಕಡೆ ಫೈಲ್ ಎಣಿಕೆ ಮತ್ತು ಗಾತ್ರ ತಾಳೆ ನೋಡುತ್ತೇನೆ. ಆಮೇಲೆ ಲೈಟ್‌ರೂಮ್‌ನಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಅಪ್‌ಡೇಟ್ ಫೋಲ್ಡರ್ ಲೊಕೇಶನ್ ಕೊಟ್ಟು ಹೊಸ ಜಾಗ ತೋರಿಸುತ್ತೇನೆ. ಕೆಲ ದಿನ ಕೆಲಸ ಮಾಡಿ ನೋಡಿದ ಮೇಲೆ ಹಳೆಯದನ್ನು ಅಳಿಸುವ ಮಾತು.

ವ್ಯತ್ಯಾಸ ಫೈಲ್ ಹೆಸರಿನಲ್ಲೇ ಇದ್ದರೆ

ಇದು ಸ್ವಲ್ಪ ತಲೆನೋವು. ಹೊರಗಿನ ಸಾಫ್ಟ್‌ವೇರ್‌ನಲ್ಲಿ ಫೈಲ್‌ಗಳಿಗೆ ಒಟ್ಟಿಗೆ ಮರುಹೆಸರು ಕೊಟ್ಟಿದ್ದರೆ ಫೋಲ್ಡರ್ ತೋರಿಸಿದರೂ ಸರಿಹೋಗುವುದಿಲ್ಲ. ಯಾವ ಹೆಸರು ಯಾವುದಾಯಿತು ಅಂತ ಗೊತ್ತಿದ್ದರೆ ಫೈಲ್‌ಗಳಿಗೆ ಹಳೆ ಹೆಸರನ್ನೇ ವಾಪಸ್ ಕೊಡುವುದು ಸುಲಭದ ದಾರಿ. ಇಲ್ಲದಿದ್ದರೆ ಒಂದೊಂದನ್ನೇ ಲೊಕೇಟ್ ಮಾಡಬೇಕು.

ಹಾಗೆ ಮಾಡುವಾಗ ತೆಗೆದ ದಿನಾಂಕ, ಸಮಯ ನೋಡದೆ ಜೋಡಿಸಬೇಡಿ. ಕ್ಯಾಮೆರಾದ ಎಣಿಕೆ 9999 ಆದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಮದುವೆ ಸೀಸನ್‌ನಲ್ಲಿ ಅದು ಬೇಗನೇ ಒಂದು ಸುತ್ತು ಬರುತ್ತದೆ. 0457 ಅನ್ನೋ ಫೋಟೋ ಹಾಸನಾಂಬ ಜಾತ್ರೆಯದೂ ಇರಬಹುದು, ಅರಸೀಕೆರೆಯ ನಾಮಕರಣದ್ದೂ ಇರಬಹುದು. ತಪ್ಪು ಜೋಡಿಸಿದರೆ ಮಗುವಿನ ಮುಖದ ಮೇಲೆ ಜಾತ್ರೆ ದೀಪದ ಎಡಿಟ್ ಬಂದು ಕೂರುತ್ತದೆ.

ಆಗಲೇ ಮತ್ತೆ ಇಂಪೋರ್ಟ್ ಮಾಡಿಬಿಟ್ಟಿದ್ದೀರಾ?

ಹಾಗಾದರೆ ಒಂದೇ ಫೋಟೋಗೆ ಎರಡು ದಾಖಲೆ ಇವೆ. ಎಡಿಟ್ ಇರುವ ಹಳೆಯದು ಆಶ್ಚರ್ಯಸೂಚಕ ಹೊತ್ತು ಕೂತಿದೆ, ಎಡಿಟ್ ಇಲ್ಲದ ಹೊಸದು ಸರಿಯಾಗಿ ಕಾಣುತ್ತಿದೆ. ಈಗ ಹಳೆಯದನ್ನು ಲೊಕೇಟ್ ಮಾಡಹೋದರೆ, ಈ ಫೈಲ್ ಆಗಲೇ ಇನ್ನೊಂದು ಫೋಟೋಗೆ ಸೇರಿದೆ ಅಂತ ಲೈಟ್‌ರೂಮ್ ತಡೆಯುತ್ತದೆ. ಕ್ಯಾಟಲಾಗ್‌ನಲ್ಲಿ ಒಂದು ಫೈಲ್‌ಗೆ ಒಂದೇ ದಾಖಲೆ, ಅದು ನಿಯಮ.

ಹೊಸ ದಾಖಲೆಗಳನ್ನು ತೆಗೆಯಬೇಕು. ಅದಕ್ಕೂ ಮೊದಲು ಕ್ಯಾಟಲಾಗ್ ಬ್ಯಾಕಪ್ ಮಾಡಿ. ಹೊಸದಾಗಿ ಬಂದವನ್ನು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದರೆ ಎರಡು ಆಯ್ಕೆ ಬರುತ್ತವೆ. ರಿಮೂವ್ ಫ್ರಮ್ ಲೈಟ್‌ರೂಮ್ ಅಂದರೆ ದಾಖಲೆ ಮಾತ್ರ ಹೋಗುತ್ತದೆ. ಡಿಲೀಟ್ ಫ್ರಮ್ ಡಿಸ್ಕ್ ಅಂದರೆ ಫೋಟೋನೇ ಹೋಗುತ್ತದೆ. ಮೊದಲನೆಯದೇ ಬೇಕು. ಈ ಪೆಟ್ಟಿಗೆ ಬಂದಾಗ ಪಕ್ಕದವರ ಜೊತೆ ಮಾತಾಡಬೇಡಿ. ಅದಾದ ಮೇಲೆ ಫೈಂಡ್ ಮಿಸ್ಸಿಂಗ್ ಫೋಲ್ಡರ್ ಅಥವಾ ಲೊಕೇಟ್ ಕೆಲಸ ಮಾಡುತ್ತದೆ. ಲೊಕೇಟ್‌ನಲ್ಲಿ ಫೈಂಡ್ ನಿಯರ್‌ಬೈ ಮಿಸ್ಸಿಂಗ್ ಫೋಟೋಸ್ ಟಿಕ್ ಹಾಕಿದ್ದರೆ ಒಂದು ತೋರಿಸಿದಾಗ ಅಕ್ಕಪಕ್ಕದವೂ ಸಿಗುತ್ತವೆ.

ಮೊದಲೇ ಹೇಳಿದ ಸಿಂಕ್ರೊನೈಸ್ ಒತ್ತಿ ಹಳೆ ದಾಖಲೆಗಳೇ ಅಳಿದುಹೋಗಿದ್ದರೆ, ಬ್ಯಾಕಪ್ಸ್ ಫೋಲ್ಡರ್‌ನಲ್ಲಿ ದಿನಾಂಕ ಹೆಸರಿನ ಫೋಲ್ಡರ್‌ಗಳಿದ್ದು, ಅವುಗಳ ಒಳಗೆ ಜಿಪ್‌ಗಳಿರುತ್ತವೆ. ಹಿಂದಿನ ದಿನದ್ದನ್ನು ಬಿಚ್ಚಿ ಬೇರೆ ಜಾಗದಲ್ಲಿಟ್ಟು ತೆರೆಯಿರಿ. ಅದೂ ಇಲ್ಲವೆಂದರೆ ರಾ ಫೈಲ್‌ಗಳ ಪಕ್ಕ ಎಕ್ಸ್‌ಎಂಪಿ ಅಂತ ಕೊನೆಯಾಗುವ, ಎಡಿಟ್ ಬರೆದಿಡುವ ಸಣ್ಣ ಫೈಲ್‌ಗಳಿವೆಯೇ ನೋಡಿ. ಕಂಟ್ರೋಲ್ ಮತ್ತು ಎಸ್ ಒತ್ತುವ ಅಭ್ಯಾಸ ಇದ್ದರೆ ಎಡಿಟ್‌ಗಳು ಅವುಗಳಲ್ಲಿ ಉಳಿದಿರುತ್ತವೆ. ವರ್ಚುವಲ್ ಕಾಪಿಗಳು (ಅದೇ ಫೋಟೋಗೆ ಮಾಡಿದ ಇನ್ನೊಂದು ಎಡಿಟ್), ಕಲೆಕ್ಷನ್‌ಗಳು ಮಾತ್ರ ಅದರಲ್ಲಿ ಬರುವುದಿಲ್ಲ. ಡಾರ್ಕ್‌ಟೇಬಲ್ ಅನ್ನುವ ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಈ ಚಿಂತೆ ಕಡಿಮೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಎಕ್ಸ್‌ಎಂಪಿಯನ್ನು ತಾನೇ ಬರೆಯುತ್ತಿರುತ್ತದೆ. ಅಂದಹಾಗೆ ಫೈಲ್ ಸಿಗದಿದ್ದರೆ ಡಾರ್ಕ್‌ಟೇಬಲ್ ತೋರಿಸುವುದು ತಲೆಬುರುಡೆ. ರಾತ್ರಿ ಹೊತ್ತು ಅದನ್ನು ನೋಡಿದರೆ ಎದೆ ಒಡೆಯುತ್ತದೆ.

ಎಕ್ಸ್‌ಪ್ಲೋರರ್‌ನಲ್ಲೂ ಸಿಗದಿದ್ದರೆ

ಬಳಸಿದ ಎಲ್ಲ ಡಿಸ್ಕ್‌ಗಳಲ್ಲೂ ಹುಡುಕಿ ಆಗಿದೆಯೇ? ಇಂಪೋರ್ಟ್ ಮಾಡುವಾಗ ಕಾಪಿ ಬದಲು, ಫೋಟೋವನ್ನು ಇದ್ದ ಜಾಗದಲ್ಲೇ ಬಿಟ್ಟು ದಾಖಲೆ ಮಾತ್ರ ಮಾಡಿಕೊಳ್ಳುವ ಆ್ಯಡ್ ಆಯ್ಕೆ ಇತ್ತೇ ಅಂತಲೂ ಯೋಚಿಸಿ. ಮದುವೆಗೆ ಕರೆಸಿಕೊಂಡ ಇನ್ನೊಬ್ಬ ಫೋಟೋಗ್ರಾಫರ್‌ನ ಹಾರ್ಡ್‌ಡಿಸ್ಕ್‌ನಿಂದ ಆ್ಯಡ್ ಮಾಡಿದ್ದರೆ ಫೋಟೋ ಇನ್ನೂ ಅವರ ಬ್ಯಾಗಿನಲ್ಲೇ ಇದೆ. ಹಳೆ ಜಾಗದ ಸಾಲಿನಲ್ಲಿ ನಿಮಗೆ ಪರಿಚಯ ಇಲ್ಲದ ಫೋಲ್ಡರ್ ಹೆಸರು ಕಂಡರೆ ಮೊದಲು ಅವರಿಗೆ ಫೋನ್ ಮಾಡಿ. ಅವರು ಡಿಸ್ಕ್ ಖಾಲಿ ಮಾಡುವ ಮುಂಚೆ ಮಾಡಿ.

ಕರೆಂಟ್ ಹೋಗಿ ಬಂದ ಮೇಲೆ ವಿಂಡೋಸ್ ಡಿಸ್ಕ್ ರಿಪೇರಿ ಮಾಡಿದ್ದರೆ, ಅದೇ ಡಿಸ್ಕ್‌ನಲ್ಲಿ ಫೌಂಡ್ 000 ಎಂಬ ಮರೆಮಾಡಿದ ಫೋಲ್ಡರ್ ಇರಬಹುದು. ಎಕ್ಸ್‌ಪ್ಲೋರರ್‌ನಲ್ಲಿ ಮರೆಯಾದ ಫೈಲ್‌ಗಳನ್ನೂ ಸಿಸ್ಟಮ್ ಫೈಲ್‌ಗಳನ್ನೂ ತೋರಿಸುವಂತೆ ಮಾಡಿಕೊಳ್ಳಿ. ಒಳಗೆ ಸಿಎಚ್‌ಕೆ ಎಂದು ಕೊನೆಯಾಗುವ ಫೈಲ್ ಅಥವಾ ಫೋಲ್ಡರ್‌ಗಳಿರುತ್ತವೆ. ಫೋಲ್ಡರ್ ಆಗಿದ್ದರೆ ಒಳಗೆ ಹಳೆ ಹೆಸರುಗಳೇ ಇರುವ ಸಾಧ್ಯತೆ ಇದೆ. ಫೈಲ್ ಆಗಿದ್ದರೆ ಬೇರೆಡೆಗೆ ಕಾಪಿ ಮಾಡಿ, ಗಾತ್ರ ನೋಡಿ ರಾ ಇರಬಹುದೋ ಜೆಪೆಗ್ ಇರಬಹುದೋ ಅಂದಾಜು ಮಾಡಿ, ಕೊನೆಯ ಅಕ್ಷರಗಳನ್ನು ಬದಲಿಸಿ ತೆರೆದು ನೋಡಿ.

ನಿಜವಾಗಿ ಡಿಲೀಟ್ ಆಗಿದ್ದು ರೀಸೈಕಲ್ ಬಿನ್‌ನಲ್ಲೂ ಇಲ್ಲದಿದ್ದರೆ ಆ ಡಿಸ್ಕ್‌ಗೆ ಏನನ್ನೂ ಬರೆಯಬೇಡಿ. ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ಬೇರೆ ಡಿಸ್ಕ್‌ನಿಂದ ಓಡಿಸಿ, ಸಿಕ್ಕಿದ್ದನ್ನೂ ಬೇರೆ ಡಿಸ್ಕ್‌ಗೇ ಇಳಿಸಿ. ಫೈಲ್ ಹೆಸರುಗಳು ವಾಪಸ್ ಬರುವುದಿಲ್ಲ, ಆದರೆ ತೆಗೆದ ಸಮಯ ಫೋಟೋ ಒಳಗೇ ಇರುತ್ತದೆ. ಕಾರ್ಡ್ ಫಾರ್ಮ್ಯಾಟ್ ಆಗಿದ್ದರೂ ಅದರ ಮೇಲೆ ಹೊಸದಾಗಿ ತೆಗೆದಿಲ್ಲವಾದರೆ ಇದರಿಂದ ಸಿಗುವ ಸಾಧ್ಯತೆ ಇದೆ. ಎಸ್‌ಎಸ್‌ಡಿಯಲ್ಲಿ ಆಸೆ ಕಡಿಮೆ, ಅಳಿಸಿದ ಜಾಗವನ್ನು ಅದು ಬೇಗನೆ ತಾನೇ ತೆರವು ಮಾಡಿಕೊಳ್ಳುತ್ತದೆ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ಯಾವ ಸಾಫ್ಟ್‌ವೇರೂ ಬೇಡ, ಬಿಚ್ಚಿಟ್ಟು ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.

ಎಲ್ಲೂ ಸಿಗಲಿಲ್ಲ ಅಂದುಕೊಳ್ಳೋಣ. ಫೋಟೋ ಸೆಲೆಕ್ಟ್ ಮಾಡಿ ಬಲಗಡೆ ಹಿಸ್ಟೋಗ್ರಾಮ್ ಕೆಳಗೆ ನೋಡಿ. ಅಲ್ಲಿ ಸ್ಮಾರ್ಟ್ ಪ್ರಿವ್ಯೂ ಅಂತ ಇದ್ದರೆ ಅದೃಷ್ಟ. ಅದು ಉದ್ದದ ಬದಿಗೆ 2560 ಪಿಕ್ಸೆಲ್ ಇರುವ ಡಿಎನ್‌ಜಿ, ಅಂದರೆ ರಾ ಥರದ ಒಂದು ಸಣ್ಣ ಫೈಲ್. ಮೂಲ ಇಲ್ಲದಿದ್ದರೂ ಅದನ್ನು ಎಡಿಟ್ ಮಾಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. 300 ಡಿಪಿಐ ಲೆಕ್ಕ ಹಾಕಿದರೆ ಎಂಟೂವರೆ ಇಂಚು ಆಗುತ್ತದೆ. 5x7 ಪ್ರಿಂಟ್‌ಗೆ ಧಾರಾಳ ಸಾಕು. 12x36 ಆಲ್ಬಂ ಪುಟಕ್ಕೆ ಪೂರ್ತಿ ಎಳೆದು ಹಾಕಿದರೆ ಒಡೆದು ಕಾಣುತ್ತದೆ, ನಾಲ್ಕೈದು ಫೋಟೋ ಇರುವ ಪುಟದಲ್ಲಿ ಸಣ್ಣದಾಗಿ ಸೇರಿಸಿ. ಸ್ಮಾರ್ಟ್ ಪ್ರಿವ್ಯೂ ಇಲ್ಲದೆ ಮಾಮೂಲಿ ಪ್ರಿವ್ಯೂ ಮಾತ್ರ ಇದ್ದರೆ ಅದನ್ನು ಹೊರತೆಗೆಯುವ ಪ್ಲಗಿನ್‌ಗಳೂ ಇವೆ. ಆದರೆ 1:1 ಪ್ರಿವ್ಯೂಗಳನ್ನು (ಮೂಲದಷ್ಟೇ ದೊಡ್ಡ ಪ್ರಿವ್ಯೂ) ಲೈಟ್‌ರೂಮ್ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ದಿನಕ್ಕೆ ಬಿಸಾಡುತ್ತದೆ. ಹಾಗಾಗಿ ಮೊದಲು ಕ್ಯಾಟಲಾಗ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ನೆವರ್ ಅಂತ ಮಾಡಿ, ಆಮೇಲೆ ಪ್ಲಗಿನ್ ಹುಡುಕಿ.